ಫಾರ್ಮಾಲ್ಡಿಹೈಡ್ ತೆಗೆಯಲು ಯಾವ ಕಾರ್ಬನ್? ದುಡ್ಡು ಹಾಕುವ ಮುಂಚೆ ಒಂದಿಷ್ಟು ಲೆಕ್ಕ

ಹೊಸ ಕಪಾಟು ಬಂದು ನಿಂತಿದೆ. ಬಾಗಿಲು ತೆಗೆದರೆ ಮೂಗಿಗೆ ಘಾಟು ಹೊಡೆಯುತ್ತದೆ, ಕಣ್ಣು ಚುರುಗುಟ್ಟುತ್ತದೆ. ಹಲಗೆಯ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಆ ಘಾಟಿನಲ್ಲಿದೆ. ಒಂದು ಏರ್ ಪ್ಯೂರಿಫೈಯರ್ ತರೋಣ ಎಂದು ಹೊರಟರೆ ಅಲ್ಲಿ ಬೇರೆಯೇ ಗೊಂದಲ. ಒಬ್ಬರು ‘ಆಕ್ಟಿವೇಟೆಡ್ ಕಾರ್ಬನ್ (ಒಳಗೆಲ್ಲ ಸಣ್ಣ ತೂತುಗಳಿರುವ ಇದ್ದಿಲು) ಇದ್ದರೆ ಸಾಕು’ ಅನ್ನುತ್ತಾರೆ. ಇನ್ನೊಬ್ಬರು ‘ಫಾರ್ಮಾಲ್ಡಿಹೈಡ್‌ಗೆ ಅದು ನಡೆಯಲ್ಲ, ಮಾಡಿಫೈಡ್ ಕಾರ್ಬನ್ನೇ ಬೇಕು’ ಅನ್ನುತ್ತಾರೆ. ಆ ಮಾಡಿಫೈಡ್‌ನಲ್ಲೇ ಮತ್ತೆ ನಾಲ್ಕಾರು ಬಗೆ: ಆಸಿಡ್‌ನಲ್ಲಿ ತೊಳೆದದ್ದು, ಅಮೀನ್ ಹಚ್ಚಿದ್ದು, ನೇರಳೆ ಗುಳಿಗೆ ಬೆರೆಸಿದ್ದು, ಮ್ಯಾಂಗನೀಸ್ ಕ್ಯಾಟಲಿಸ್ಟ್ ಇರುವುದು. ಬೆಲೆಯಲ್ಲಿ ಅಜಗಜಾಂತರ. ಡಬ್ಬಿಯ ಮೇಲಿನ ಮಾತು ಮಾತ್ರ ಎಲ್ಲದರದ್ದೂ ಒಂದೇ, ‘99% ತೆಗೆಯುತ್ತದೆ’.

ಆ 99% ಸುಳ್ಳೇ ಆಗಿರಬೇಕು ಅಂತಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಸಲ ಸ್ವಲ್ಪ ಅನಿಲ ಬಿಟ್ಟು ಗಂಟೆಗಟ್ಟಲೆ ಫ್ಯಾನ್ ಓಡಿಸಿದರೆ ಸಾಧಾರಣ ಫಿಲ್ಟರ್ ಕೂಡ ಒಳ್ಳೆಯ ಅಂಕಿ ತೋರಿಸಬಹುದು. ಮನೆಯಲ್ಲಿ ಹಾಗಲ್ಲ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಪ್ಲೈವುಡ್ ಇವುಗಳನ್ನು ಹಿಡಿದಿಟ್ಟಿರುವ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಿಂದ ಅನಿಲ ಹಗಲು ರಾತ್ರಿ ಬರುತ್ತಲೇ ಇರುತ್ತದೆ, ವರ್ಷಗಟ್ಟಲೆ. ಸೆಕೆ ಜಾಸ್ತಿಯಾದಂತೆ, ಗಾಳಿಯಲ್ಲಿ ತೇವ ಜಾಸ್ತಿಯಾದಂತೆ ಇನ್ನೂ ಹೆಚ್ಚು ಬರುತ್ತದೆ. ಹಾಗಾಗಿ ಪರ್ಸೆಂಟ್ ಮರೆತುಬಿಡಿ. ನಿಮ್ಮ ಕೋಣೆ ದಿನಕ್ಕೆ ಎಷ್ಟು ಮಿಲಿಗ್ರಾಂ ಹೊರಬಿಡುತ್ತದೆ, ಈ ಫಿಲ್ಟರ್ ತನ್ನ ಆಯುಷ್ಯದಲ್ಲಿ ಎಷ್ಟು ಮಿಲಿಗ್ರಾಂ ನುಂಗುತ್ತದೆ? ನಾನು ಯಾವ ಫಿಲ್ಟರ್ ನೋಡಿದರೂ ಮೊದಲು ಕೇಳುವುದು ಇದನ್ನೇ.

ಬರೀ ಕಾರ್ಬನ್‌ಗೆ ಇದು ಯಾಕೆ ಸಿಕ್ಕುವುದಿಲ್ಲ

ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್‌ನ ಒಂದು ಗ್ರಾಂ ಒಳಗೆ ಸಾವಿರ ಚದರ ಮೀಟರ್‌ನಷ್ಟು ಮೇಲ್ಮೈ ಇರುತ್ತದೆ. ಎಲ್ಲವೂ ಕಣ್ಣಿಗೆ ಕಾಣದ ತೂತುಗಳ ಒಳಗೋಡೆ. ಬಣ್ಣ, ಥಿನ್ನರ್‌ನ ಟಾಲ್ಯುವಿನ್‌ನಂಥ ಭಾರದ ಅಣುಗಳು ಆ ತೂತಿಗೆ ಹೋದರೆ ಅಲ್ಲೇ ಅಂಟಿಕೊಳ್ಳುತ್ತವೆ. ಟಾಲ್ಯುವಿನ್ ಕುದಿಯುವುದು 111 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಕೋಣೆಯ ಶಾಖದಲ್ಲಿ ಅದಕ್ಕೆ ದ್ರವವಾಗಿ ಕೂರುವುದೇ ಇಷ್ಟ. ಫಾರ್ಮಾಲ್ಡಿಹೈಡ್ ಕುದಿಯುವುದು ಮೈನಸ್ 19 ಡಿಗ್ರಿಯಲ್ಲಿ. ಒಂದೇ ಒಂದು ಇಂಗಾಲದ ಪರಮಾಣು ಇರುವ ಪುಟ್ಟ ಅಣು. ಬಂದಷ್ಟೇ ಬೇಗ ಹೊರಟೂ ಹೋಗುತ್ತದೆ.

ಇನ್ನೊಂದು ತೊಂದರೆ ನೀರು. ಫಾರ್ಮಾಲ್ಡಿಹೈಡ್ ನೀರಿನ ಹಾಗೆ ಧ್ರುವೀಯ ಅಣು (ಒಂದು ತುದಿಯಲ್ಲಿ ಧನ, ಇನ್ನೊಂದರಲ್ಲಿ ಋಣ ವಿದ್ಯುದಂಶ ಇರುವಂಥದ್ದು), ಕಾರ್ಬನ್‌ನ ಮೇಲ್ಮೈ ಹಾಗಲ್ಲ. ಗಾಳಿಯಲ್ಲಿ ತೇವ ಏರಿದಾಗ ತೂತುಗಳಲ್ಲಿ ನೀರೇ ತುಂಬಿಕೊಳ್ಳುತ್ತದೆ, ಜಾಗ ಇನ್ನೂ ಕಡಿಮೆಯಾಗುತ್ತದೆ. ತಂಪಿನ ದಿನ ಹಿಡಿದಿಟ್ಟ ಅಷ್ಟೋ ಇಷ್ಟೋ ಫಾರ್ಮಾಲ್ಡಿಹೈಡ್ ಅನ್ನು ಕಾರ್ಬನ್ ಬಿಸಿಲಿನ ದಿನ ವಾಪಸ್ ಬಿಡಲೂಬಹುದು.

ಇಲ್ಲಿಂದ ಮುಂದೆ ದಾರಿ ಮೂರು. ಕಾರ್ಬನ್‌ನ ಮೇಲ್ಮೈಯನ್ನೇ ಬದಲಿಸಿ ಇನ್ನಷ್ಟು ಅಂಟುವಂತೆ ಮಾಡುವುದು. ಫಾರ್ಮಾಲ್ಡಿಹೈಡ್ ಜೊತೆ ಸೇರಿ ಬೇರೆ ವಸ್ತುವಾಗಿಬಿಡುವ ರಾಸಾಯನಿಕವನ್ನು ತೂತುಗಳಲ್ಲಿ ತುಂಬುವುದು. ಅಥವಾ ತಾನು ಖರ್ಚಾಗದೆ ಅದನ್ನು ಸುಟ್ಟುಹಾಕುವ ಕ್ಯಾಟಲಿಸ್ಟ್ ಕೂರಿಸುವುದು.

ಯಾವ ತಕ್ಕಡಿಯಲ್ಲಿ ತೂಗಬೇಕು

ಮೊದಲನೆಯದು, ಹಿಡಿದದ್ದು ಹಿಡಿದೇ ಇರುತ್ತದಾ, ವಾಪಸ್ ಬಿಡುತ್ತದಾ. ಎರಡನೆಯದು, ಒಟ್ಟು ಸಾಮರ್ಥ್ಯ. ಆಮೇಲೆ ತೇವದಲ್ಲಿ ಹೇಗೆ ನಡೆದುಕೊಳ್ಳುತ್ತದೆ, ತಾನೇ ಏನಾದರೂ ವಾಸನೆಯನ್ನೋ ದೂಳನ್ನೋ ಬಿಡುತ್ತದಾ ಅನ್ನುವುದು. ಮುಗಿದುಹೋಗಿದೆ ಎಂದು ನಮಗೆ ಹೇಗೆ ತಿಳಿಯುತ್ತದೆ ಎನ್ನುವುದನ್ನು ಜನ ಕೇಳುವುದೇ ಇಲ್ಲ, ನನ್ನ ಪ್ರಕಾರ ಅದು ಬೆಲೆಗಿಂತ ಮುಖ್ಯ. ಕೊನೆಗೆ ಖರ್ಚು, ಯಂತ್ರದ್ದಲ್ಲ, ಬದಲಿ ಫಿಲ್ಟರ್‌ಗಳದ್ದು.

ಸಾಮರ್ಥ್ಯದ ಲೆಕ್ಕ ಒಂದು ಸಲ ಕೂತು ಹಾಕಿನೋಡಿದರೆ ಉಳಿದದ್ದೆಲ್ಲ ತಾನೇ ಸರಿಹೋಗುತ್ತದೆ. ಒಂದು ಮಲಗುವ ಕೋಣೆ, 30 ಘನ ಮೀಟರ್ ಅಂದುಕೊಳ್ಳಿ. ಬಾಗಿಲು ಕಿಟಕಿ ಮುಚ್ಚಿದೆ, ಸಂದುಗಳಿಂದ ಎರಡು ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲಾಗುತ್ತದೆ. ಫಾರ್ಮಾಲ್ಡಿಹೈಡ್ ಅಳೆಯುವ ಮೀಟರ್ 0.2 ಮಿ.ಗ್ರಾಂ ತೋರಿಸುತ್ತಿದೆ, ಒಂದು ಘನ ಮೀಟರ್‌ಗೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಾಕಿದ ಮಿತಿ, ಅರ್ಧ ಗಂಟೆಯ ಸರಾಸರಿಯಲ್ಲಿ, 0.1. ಅಂದರೆ ನಮ್ಮ ಕೋಣೆ ಅದರ ಎರಡರಷ್ಟಿದೆ. ಗಂಟೆಗೆ 15 ಘನ ಮೀಟರ್ ಗಾಳಿ ಹೊರಹೋಗುತ್ತಿದ್ದರೂ ಅಂಕಿ 0.2ರಲ್ಲೇ ನಿಂತಿದೆ ಅಂದರೆ ಪೀಠೋಪಕರಣಗಳು ಗಂಟೆಗೆ 3 ಮಿ.ಗ್ರಾಂ ಬಿಡುತ್ತಿವೆ. ದಿನಕ್ಕೆ 72. ವರ್ಷಕ್ಕೆ 26 ಗ್ರಾಂ.

ಈಗ ಇಲ್ಲಿ ಒಂದು ಪ್ಯೂರಿಫೈಯರ್ ಇಡೋಣ. ಫಾರ್ಮಾಲ್ಡಿಹೈಡ್ ಮಟ್ಟಿಗೆ ಅದು ಗಂಟೆಗೆ 60 ಘನ ಮೀಟರ್ ಗಾಳಿ ಶುದ್ಧ ಮಾಡುತ್ತದೆ ಎಂದುಕೊಂಡರೆ ಕೋಣೆಯ ಅಂಕಿ 0.04ಕ್ಕೆ ಇಳಿಯುತ್ತದೆ. ಬಹಳ ಒಳ್ಳೆಯದು. ಆದರೆ ಫಿಲ್ಟರ್ ದಿನಕ್ಕೆ ಸುಮಾರು 58 ಮಿ.ಗ್ರಾಂ ನುಂಗುತ್ತಿರುತ್ತದೆ. ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ, ಯಾಕೆಂದರೆ ಗಾಳಿ ಚೊಕ್ಕಟವಾದಷ್ಟೂ ಹಲಗೆ ಹೆಚ್ಚು ಬಿಡುತ್ತದೆ. ಚೀನಾದ ಪ್ಯೂರಿಫೈಯರ್ ಮಾನದಂಡದ 2015ರ ಆವೃತ್ತಿಯಲ್ಲಿ ಫಾರ್ಮಾಲ್ಡಿಹೈಡ್‌ಗೆ ಎಫ್1ರಿಂದ ಎಫ್4ರವರೆಗೆ ದರ್ಜೆಗಳಿದ್ದವು. ಮೇಲಿನ ದರ್ಜೆ ಎಫ್4 ಸಿಗಬೇಕಾದರೆ, ಶುದ್ಧ ಮಾಡುವ ವೇಗ ಅರ್ಧಕ್ಕೆ ಇಳಿಯುವಷ್ಟರಲ್ಲಿ ಫಿಲ್ಟರ್ ಕನಿಷ್ಠ 1500 ಮಿ.ಗ್ರಾಂ ನುಂಗಿರಬೇಕಿತ್ತು. ಅಷ್ಟನ್ನೇ ನುಂಗುವ ಫಿಲ್ಟರ್ ನಮ್ಮ ಕೋಣೆಯಲ್ಲಿ 26 ದಿನ ಬಾಳಿಕೆ ಬರುತ್ತದೆ. ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಅವರ ಮುಂದಿಡಿ.

ಅದೇ ಕೋಣೆಯ ಕಿಟಕಿ ತೆಗೆದು, ಗಂಟೆಗೆ ಮೂರು ಸಲ ಗಾಳಿ ಬದಲಾಗುವಂತೆ ಮಾಡಿದರೆ? 0.033. ಪ್ಯೂರಿಫೈಯರ್‌ಗಿಂತ ಒಂದು ಕೂದಲೆಳೆ ಕಡಿಮೆ, ಖರ್ಚಿಲ್ಲದೆ. ಹಾಗಾಗಿ ಕೆಳಗೆ ಬರೆದದ್ದೆಲ್ಲ ಕಿಟಕಿ ತೆಗೆಯಲಾಗದ ಹೊತ್ತಿಗೆ ಮಾತ್ರ ಎಂದು ಓದಿಕೊಳ್ಳಿ: ರಾತ್ರಿ, ಹೊರಗೆ ಹೊಗೆ ದೂಳು ಇರುವಾಗ, ಎಸಿ ಓಡುವಾಗ, ವಿಪರೀತ ಚಳಿಯಲ್ಲಿ.

ಬರೀ ಆಕ್ಟಿವೇಟೆಡ್ ಕಾರ್ಬನ್

ತೆಂಗಿನ ಕರಟದಿಂದ ಮಾಡಿದ್ದು, ಕಲ್ಲಿದ್ದಲಿನಿಂದ ಮಾಡಿದ್ದು, ಮರದಿಂದ ಮಾಡಿದ್ದು ಎಂದೆಲ್ಲ ಸಿಗುತ್ತದೆ. ಕರಟದ್ದರಲ್ಲಿ ಸಣ್ಣ ತೂತು ಜಾಸ್ತಿ, ಹಾಗಾಗಿ ಅನಿಲಗಳಿಗೆ ಅದು ವಾಸಿ. ಆದರೆ ಫಾರ್ಮಾಲ್ಡಿಹೈಡ್ ಮಟ್ಟಿಗೆ ಈ ವ್ಯತ್ಯಾಸ ಹಿಡಿದು ಚರ್ಚೆ ಮಾಡುವುದು ಸುಮ್ನೆ ಕಾಲಹರಣ. ಹೊಸ ಮನೆಯಲ್ಲಿ ಘಾಟು ಎಂದು ನಮಗೆ ಅನಿಸುವುದರಲ್ಲಿ ಅರ್ಧ ಬಣ್ಣ, ವಾರ್ನಿಷ್, ಥಿನ್ನರ್‌ನದ್ದೇ ಇರುತ್ತದೆ, ಅದಕ್ಕೆ ಈ ಕಾರ್ಬನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಲೇ ಮೋಸ ಹೋಗುವುದು: ವಾಸನೆ ಕಡಿಮೆಯಾಯಿತು, ಫಾರ್ಮಾಲ್ಡಿಹೈಡ್ ಕೂಡ ಹೋಯಿತು ಅಂದುಕೊಳ್ಳುತ್ತೇವೆ.

ಮೂಲೆಯಲ್ಲಿ ಇಡುವ ಚೀಲಗಳ ಬಗ್ಗೆಯೂ ಕೇಳುತ್ತಾರೆ. ಫ್ಯಾನ್ ಇಲ್ಲದೆ ಗಾಳಿ ತಾನಾಗಿ ಚೀಲದೊಳಕ್ಕೆ ಹೋಗುವುದು ತೀರಾ ನಿಧಾನ. ತೆರೆದ ಕೋಣೆಯಲ್ಲಿ ಅದರಿಂದ ಅಂಕಿ ಬದಲಾಗುವುದಿಲ್ಲ. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಎಂಬ ಸಲಹೆಯಲ್ಲಿ ಸ್ವಲ್ಪ ಹುರುಳಿದೆ, ನೀರು ಮತ್ತು ಹಗುರ ಅನಿಲ ಒಂದಿಷ್ಟು ಹೊರಹೋಗುತ್ತದೆ. ಆದರೆ ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಅಂದರೆ ಗಟ್ಟಿಯಾಗಿ ಹಿಡಿದಿರಲಿಲ್ಲ ಅಂತಲೇ ಅರ್ಥ ಅಲ್ವಾ?

ಆಸಿಡ್ ಅಥವಾ ನೈಟ್ರೋಜನ್ ಹಾಕಿ ಮೇಲ್ಮೈ ಬದಲಿಸಿದ ಕಾರ್ಬನ್

ನೈಟ್ರಿಕ್ ಆಸಿಡ್‌ನಲ್ಲಿ ಕಾರ್ಬನ್ ಕುದಿಸಿದರೆ ಮೇಲ್ಮೈಯಲ್ಲಿ ಆಕ್ಸಿಜನ್ ಗುಂಪುಗಳು ಹುಟ್ಟುತ್ತವೆ, ಫಾರ್ಮಾಲ್ಡಿಹೈಡ್‌ಗೆ ಅಂಟಿಕೊಳ್ಳಲು ಹೆಚ್ಚು ಜಾಗ ಸಿಗುತ್ತದೆ. ಯೂರಿಯಾ, ಮೆಲಮೈನ್ ಅಥವಾ ಅಮೋನಿಯಾ ಜೊತೆ ಸೇರಿಸಿ ಹೆಚ್ಚು ಶಾಖದಲ್ಲಿ ಸುಟ್ಟರೆ ನೈಟ್ರೋಜನ್ ಕಾರ್ಬನ್‌ನ ಚೌಕಟ್ಟಿನೊಳಗೇ ಸೇರಿಕೊಳ್ಳುತ್ತದೆ. ಎರಡೂ ಬರೀ ಕಾರ್ಬನ್‌ಗಿಂತ ಮೇಲು. ಎರಡರಲ್ಲೂ ಒಳ್ಳೆಯ ಗುಣ ಏನೆಂದರೆ ಉದುರಿ ಹೋಗುವ, ಆವಿಯಾಗುವ ರಾಸಾಯನಿಕ ಇಲ್ಲ, ವಾಸನೆ ಇಲ್ಲ.

ಆದರೆ ಆಸಿಡ್ ಮಾಡಿದ ಉಪಕಾರ ನೀರಿಗೂ ಸಲ್ಲುತ್ತದೆ. ಫಾರ್ಮಾಲ್ಡಿಹೈಡ್‌ನ ಒಂದು ಅಣು ಬರುವ ಹೊತ್ತಿಗೆ ನೀರಿನ ಸಾವಿರಾರು ಅಣುಗಳು ಬಂದು ಕೂತಿರುತ್ತವೆ. ಒಣ ಗಾಳಿಯಲ್ಲಿ ಪರೀಕ್ಷೆ ಮಾಡಿದ ಅಂಕಿಗಳು ಅದ್ಭುತವಾಗಿ ಕಾಣುವುದು, ತೇವದ ದಿನಗಳಲ್ಲಿ ಕುಸಿಯುವುದು ಇದರಿಂದಲೇ. ಇಂಥದ್ದನ್ನು ಕೊಳ್ಳುವುದಾದರೆ ಎಷ್ಟು ತೇವದಲ್ಲಿ ಪರೀಕ್ಷೆ ಮಾಡಿದ್ದೀರಿ ಎಂದು ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ. ಮನೆಗೆ ನಾನು ಇದನ್ನು ಆರಿಸುವುದಿಲ್ಲ. ಸಿಕ್ಕುವ ಲಾಭಕ್ಕೆ ಹೋಲಿಸಿದರೆ ಬೆಲೆ ಹೆಚ್ಚು.

ಅಮೀನ್ ಹಚ್ಚಿದ ಕಾರ್ಬನ್

ಇಲ್ಲಿಂದ ಆಟ ಬದಲಾಗುತ್ತದೆ. ಅಮೀನ್ ಅಂದರೆ ಅಮೋನಿಯಾದ ಜಾತಿಯ, ನೈಟ್ರೋಜನ್ ಇರುವ ರಾಸಾಯನಿಕ. ಅಮೀನ್ ಗುಂಪು ಫಾರ್ಮಾಲ್ಡಿಹೈಡ್ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಬರೀ ಅಂಟುವುದಲ್ಲ. ಕಾಗದದ ಮೇಲೆ ಇದರ ಸಾಮರ್ಥ್ಯ ಎಲ್ಲಕ್ಕಿಂತ ದೊಡ್ಡದು. ಎಥಿಲೀನ್ ಡೈಅಮೀನ್‌ನ ಒಂದು ಅಣುವಿನಲ್ಲಿ ಎರಡು ಅಮೀನ್ ಗುಂಪು. 60 ಗ್ರಾಂ ಅಮೀನ್‌ಗೆ 60 ಗ್ರಾಂ ಫಾರ್ಮಾಲ್ಡಿಹೈಡ್. ಒಂದು ಕಿಲೋ ಕಾರ್ಬನ್‌ಗೆ 100 ಗ್ರಾಂ ಅಮೀನ್ ಹಾಕಿದರೆ ನಮ್ಮ ಕೋಣೆಗೆ ನಾಲ್ಕು ವರ್ಷಕ್ಕೆ ಸಾಕಾಗಬೇಕು! ಹಾಗಾಗುವುದಿಲ್ಲ. ತುಂಬಿದ ಅಮೀನ್ ತಾನೇ ತೂತುಗಳ ಬಾಯಿ ಮುಚ್ಚುತ್ತದೆ, ಒಳಗಿನದ್ದಕ್ಕೆ ಗಾಳಿ ತಲುಪುವುದಿಲ್ಲ. ಮನೆಯ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಎಷ್ಟು ತೆಳುವಾಗಿರುತ್ತದೆ ಅಂದರೆ ಕೆಲಸ ನಿಧಾನವಾಗುತ್ತದೆ. ಶಾಖ ಮತ್ತು ಆಕ್ಸಿಜನ್‌ಗೆ ಅಮೀನ್ ಸುಮ್ಮನೆ ಇದ್ದಲ್ಲೇ ಹಳತಾಗುತ್ತದೆ. ಆದರೂ ಕಾರ್ಬನ್ ಆಧಾರದ ಫಿಲ್ಟರ್‌ಗಳಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಮಿಲಿಗ್ರಾಂ ಸಿಗುವುದು ಸಾಮಾನ್ಯವಾಗಿ ಇದರಲ್ಲೇ.

ಕೇಳಬೇಕಾದದ್ದು ಯಾವ ಅಮೀನ್ ಎಂದು. ಎಥಿಲೀನ್ ಡೈಅಮೀನ್‌ನಂಥ ಸಣ್ಣ ಅಣು ನಿಧಾನಕ್ಕೆ ಆವಿಯಾಗುತ್ತದೆ, ಅಮೋನಿಯಾದಂಥ ಕಟು ವಾಸನೆ ಬರುತ್ತದೆ. ಅದು ಉಸಿರಾಟಕ್ಕೂ ಚರ್ಮಕ್ಕೂ ಅಲರ್ಜಿ ತರಬಲ್ಲ ವಸ್ತು. ಒಂದು ಘಾಟು ಓಡಿಸಲು ಇನ್ನೊಂದನ್ನು ಕರೆತಂದಂತೆ. ಪಾಲಿಎಥಿಲೀನ್ ಇಮೀನ್‌ನಂಥ ಉದ್ದ ಸರಪಳಿಯ ಅಮೀನ್ ಹೀಗೆ ಹಾರಿಹೋಗುವುದಿಲ್ಲ. ಫಿಲ್ಟರ್ ಪೊಟ್ಟಣ ಒಡೆದಾಗ ಮೀನಿನ ವಾಸನೆಯೋ ಅಮೋನಿಯಾ ವಾಸನೆಯೋ ಬಂದು ಎರಡು ದಿನವಾದರೂ ಹೋಗದಿದ್ದರೆ ಮಲಗುವ ಕೋಣೆಯಲ್ಲಿ ಇಡಬೇಡಿ.

ಯೂರಿಯಾ ಹಾಕಿದ್ದು ಅಗ್ಗ, ವಾಸನೆ ಕಡಿಮೆ. ಅದರದ್ದೊಂದು ತಮಾಷೆ ಇದೆ. ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿದರೆ ಆಗುವುದೇನು? ಹಲಗೆಯಲ್ಲಿರುವ ಅದೇ ಅಂಟಿನ ಜಾತಿಯ ವಸ್ತು. ತೇವ ಮತ್ತು ಶಾಖಕ್ಕೆ ಆ ಬೆಸುಗೆ ಬಿಡುತ್ತದೆ ಎನ್ನುವುದೇ ಇಡೀ ತೊಂದರೆಯ ಮೂಲ. ಹಾಗಾಗಿ ಯೂರಿಯಾ ಕಾರ್ಬನ್ ಕೂಡ ಬಿಸಿ ತೇವದಲ್ಲಿ ಹಿಡಿದದ್ದರಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಆಶ್ಚರ್ಯವಿಲ್ಲ. ತಣ್ಣಗಿನ ಒಣ ಜಾಗಕ್ಕೆ ಸರಿ, ಬೆವರಿಳಿಯುವ ಊರಿಗಲ್ಲ.

ಇನ್ನು ಮುಗಿದದ್ದು ಗೊತ್ತಾಗುವುದು ಹೇಗೆ? ಗೊತ್ತಾಗುವುದಿಲ್ಲ. ಕಪ್ಪಗಿತ್ತು, ಕಪ್ಪಗೇ ಇರುತ್ತದೆ. ಮೀಟರ್ ಇಟ್ಟುಕೊಂಡೇ ನೋಡಬೇಕು. ಬಿಸಿಲಿಗೆ ಹಾಕಿದರೆ ಮತ್ತೆ ಹೊಸದಾಗುವುದೂ ಇಲ್ಲ.

ನೇರಳೆ ಗುಳಿಗೆ: ಪರ್ಮಾಂಗನೇಟ್

ಪೊಟ್ಯಾಶಿಯಂ ಪರ್ಮಾಂಗನೇಟ್ ಫಾರ್ಮಾಲ್ಡಿಹೈಡ್ ಅನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಒಡೆದುಹಾಕುತ್ತದೆ. ಕೊನೆಗೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್, ನೀರು, ಗುಳಿಗೆಯಲ್ಲೇ ಕೂರುವ ಕಾರ್ಬೊನೇಟ್ ಮತ್ತು ಕಂದು ಮ್ಯಾಂಗನೀಸ್ ಡೈಆಕ್ಸೈಡ್. ವಾಪಸ್ ಬಿಡುವ ಮಾತೇ ಇಲ್ಲ. ಈ ಕೆಲಸಕ್ಕೆ ಗಾಳಿಯಲ್ಲಿ ಸ್ವಲ್ಪ ತೇವ ಇರಲೇಬೇಕು, ಹಾಗಾಗಿ ಬರೀ ಕಾರ್ಬನ್ ಸೋಲುವ ಕಡೆ ಇದು ನಿಲ್ಲುತ್ತದೆ.

ಇದನ್ನು ಸಾಮಾನ್ಯವಾಗಿ ಕೂರಿಸುವುದು ಕಾರ್ಬನ್ ಮೇಲಲ್ಲ, ಆಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಗುಳಿಗೆಯ ಮೇಲೆ. ಕಾರಣ ಸರಳ, ಕಾರ್ಬನ್ ಮೇಲೆ ಹಾಕಿದರೆ ಪರ್ಮಾಂಗನೇಟ್ ಕಾರ್ಬನ್ನನ್ನೇ ತಿನ್ನಲು ಶುರುಮಾಡಿ ತಾನು ಮ್ಯಾಂಗನೀಸ್ ಆಕ್ಸೈಡ್ ಆಗಿಬಿಡುತ್ತದೆ. ‘ಪರ್ಮಾಂಗನೇಟ್ ಕಾರ್ಬನ್’ ಎಂದು ಕಪ್ಪು ಹರಳು ತೋರಿಸಿದರೆ ಅದು ಬಹುಪಾಲು ಮುಂದೆ ಹೇಳುವ ಮ್ಯಾಂಗನೀಸ್ ಜಾತಿಯದ್ದು ಎಂದೇ ತಿಳಿಯಿರಿ. ಕೆಟ್ಟದ್ದಲ್ಲ, ಆದರೆ ಬೇರೆ ವಸ್ತು. ಕೊಳ್ಳಲು ಯೋಗ್ಯವಾದದ್ದು ನೇರಳೆ ಗುಳಿಗೆ ಮತ್ತು ಕರಿ ಕಾರ್ಬನ್ ಗುಳಿಗೆ ಬೆರೆಸಿದ ಮಿಶ್ರಣ. ಟಾಲ್ಯುವಿನ್‌ನಂಥದ್ದನ್ನು ಕಾರ್ಬನ್ ನೋಡಿಕೊಳ್ಳುತ್ತದೆ, ಫಾರ್ಮಾಲ್ಡಿಹೈಡ್ ಅನ್ನು ನೇರಳೆಯದ್ದು ನೋಡಿಕೊಳ್ಳುತ್ತದೆ.

ಸಾಮರ್ಥ್ಯ ಮಾತ್ರ ಅಮೀನ್‌ಗಿಂತ ಬಹಳ ಕಡಿಮೆ. ಒಂದು ಗ್ರಾಂ ಫಾರ್ಮಾಲ್ಡಿಹೈಡ್ ಸುಡಲು 7 ಗ್ರಾಂ ಪರ್ಮಾಂಗನೇಟ್ ಬೇಕು. ಗುಳಿಗೆಯಲ್ಲಿ ಇರುವುದು ತೂಕದ 4% ಅಥವಾ 8%. 4%ದ್ದು ಒಂದು ಕಿಲೋ ತಂದರೆ ಅದರಲ್ಲಿ 40 ಗ್ರಾಂ ಪರ್ಮಾಂಗನೇಟ್, ಅದು ಹೆಚ್ಚೆಂದರೆ 5.7 ಗ್ರಾಂ ಫಾರ್ಮಾಲ್ಡಿಹೈಡ್‌ಗೆ ಸಾಕು. ದಿನಕ್ಕೆ 58 ಮಿ.ಗ್ರಾಂ ಲೆಕ್ಕದಲ್ಲಿ ನೂರು ದಿನ ಹತ್ತಿರ. 8%ದ್ದಾದರೆ ಅದರ ಎರಡರಷ್ಟು. ಇದು ಗರಿಷ್ಠ ಲೆಕ್ಕ, ವ್ಯವಹಾರದಲ್ಲಿ ಇನ್ನೂ ಕಡಿಮೆ ಬರುತ್ತದೆ, ಯಾಕೆಂದರೆ ಪರ್ಮಾಂಗನೇಟ್‌ಗೆ ಆಯ್ಕೆ ಗೊತ್ತಿಲ್ಲ. ಆಲ್ಕೋಹಾಲ್ ಆವಿ, ಅಡುಗೆಯ ವಾಸನೆ, ಸ್ಯಾನಿಟೈಸರ್, ಏನು ಬಂದರೂ ಅದಕ್ಕೆ ಖರ್ಚಾಗುತ್ತದೆ. ಅಡುಗೆಮನೆಯ ಪಕ್ಕ ಇಟ್ಟರೆ ದುಡ್ಡು ದಂಡ.

ಇದರ ದೊಡ್ಡ ಅನುಕೂಲ ಕಣ್ಣಿಗೆ ಕಾಣುತ್ತದೆ. ಹೊಸ ಗುಳಿಗೆ ಕಡು ನೇರಳೆ. ಬಳಸಿದಂತೆ ಹೊರಗಿನಿಂದ ಕಂದಾಗುತ್ತಾ ಹೋಗುತ್ತದೆ. ಹೊರಮೈ ನೋಡಿ ಎಸೆಯಬೇಡಿ. ಗಾಳಿ ಒಳಬರುವ ಕಡೆಯಿಂದ ಒಂದು, ಹೊರಹೋಗುವ ಕಡೆಯಿಂದ ಒಂದು ಗುಳಿಗೆ ತೆಗೆದು ಇಕ್ಕಳದಲ್ಲಿ ಒಡೆದು ನೋಡಿ. ಮೇಲೆ ತೆಳ್ಳನೆಯ ಕಂದು ಸಿಪ್ಪೆ, ನಡುವೆ ಇನ್ನೂ ನೇರಳೆ ತಿರುಳು ಇದ್ದರೆ ಜೀವ ಇದೆ. ಹೊರಹೋಗುವ ಕಡೆಯದ್ದೂ ನಡುವಿನವರೆಗೆ ಕಂದಾಗಿದ್ದರೆ ಮುಗಿಯಿತು. ಕೈಗವಸು ಹಾಕಿಕೊಳ್ಳಿ, ಬೆರಳಿಗೆ ಹತ್ತಿದ ಕಂದು ಕಲೆ ದಿನಗಟ್ಟಲೆ ಹೋಗುವುದಿಲ್ಲ. ಬಟ್ಟೆಗೂ ಅಷ್ಟೇ. ಚಿಕ್ಕ ಮಕ್ಕಳ ಕೈಗೆ, ಬಾಯಿಗೆ ಸಿಗದಂತೆ ಗುಳಿಗೆ ಗಟ್ಟಿ ಡಬ್ಬಿಯೊಳಗೇ ಇರಬೇಕು.

ಮ್ಯಾಂಗನೀಸ್ ಆಕ್ಸೈಡ್ ಕ್ಯಾಟಲಿಸ್ಟ್

ಕಾರ್ಬನ್ ಮೇಲೆ ಮ್ಯಾಂಗನೀಸ್ ಆಕ್ಸೈಡ್‌ನ ತೆಳು ಪದರ. ಕೋಣೆಯ ಶಾಖದಲ್ಲೇ, ಗಾಳಿಯ ಆಕ್ಸಿಜನ್ ಬಳಸಿ, ಫಾರ್ಮಾಲ್ಡಿಹೈಡ್ ಅನ್ನು ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಮಾಡುತ್ತದೆ. ತಾನು ಖರ್ಚಾಗುವುದಿಲ್ಲ ಎನ್ನುವುದೇ ಇದರ ಮಾರಾಟದ ಮಾತು, ‘ಜೀವನಪೂರ್ತಿ ಫಿಲ್ಟರ್’ ಎನ್ನುವವರೂ ಇದ್ದಾರೆ.

ಪೂರ್ತಿ ನಂಬಬೇಡಿ. ಸುಡುವ ದಾರಿಯಲ್ಲಿ ಮಧ್ಯೆ ಫಾರ್ಮೇಟ್ ಎಂಬ ವಸ್ತು ಹುಟ್ಟುತ್ತದೆ. ಅದು ಪೂರ್ತಿ ಸುಟ್ಟು ಹೋಗದೆ ಮೇಲ್ಮೈಯಲ್ಲಿ ಕೂತರೆ ಮುಂದಿನದ್ದಕ್ಕೆ ಜಾಗ ಇಲ್ಲ. ಕೆಲಸ ದಿನೇ ದಿನೇ ನಿಧಾನವಾಗುತ್ತದೆ. ಗಾಳಿಯ ತೇವ ಇಲ್ಲಿ ಎರಡಲಗಿನ ಕತ್ತಿ: ಹದವಾಗಿದ್ದರೆ ಫಾರ್ಮೇಟ್ ಬಿಡಿಸಲು ನೆರವಾಗುತ್ತದೆ, ವಿಪರೀತವಾದರೆ ತಾನೇ ಜಾಗ ಹಿಡಿಯುತ್ತದೆ. ಬಿಸಿ ಮಾಡಿದರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಆದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹೀಗಿದ್ದರೂ, ನಿಧಾನವಾಗಿ ಬರುವ ಕಡಿಮೆ ಪ್ರಮಾಣದ ಅನಿಲಕ್ಕೆ, ವರ್ಷಗಟ್ಟಲೆ ಓಡಿಸುವವರಿಗೆ, ಬದಲಿ ಫಿಲ್ಟರ್‌ನ ಖರ್ಚು ಉಳಿಸುವ ಶಕ್ತಿ ಇರುವುದು ಇದಕ್ಕೇ. ಓಝೋನ್ ಕೂಡ ಒಡೆಯುತ್ತದೆ, ಅದೊಂದು ಹೆಚ್ಚುವರಿ ಲಾಭ. ತೊಡಕು ಒಂದೇ: ಒಳ್ಳೆಯದೂ ಕೆಟ್ಟದೂ ನೋಡಲು ಒಂದೇ ಥರ ಕರ್ರಗಿರುತ್ತವೆ. ಮೀಟರ್ ಇಲ್ಲದೆ ಇದನ್ನು ಕೊಳ್ಳುವುದು ಕುರುಡು ನಂಬಿಕೆ.

ಟೈಟಾನಿಯಂ ಆಕ್ಸೈಡ್ ಮೇಲೆ ಪ್ಲಾಟಿನಂ ಕೂರಿಸಿದ ಕ್ಯಾಟಲಿಸ್ಟ್ ಇದಕ್ಕಿಂತ ಚುರುಕು, ಬೆಳಕಿಲ್ಲದೆ ಕೋಣೆಯ ಶಾಖದಲ್ಲೇ ಪೂರ್ತಿ ಸುಡುತ್ತದೆ. ಬೆಲೆ ಪ್ಲಾಟಿನಂನದ್ದು, ಇನ್ನು ಹೇಳುವುದೇನಿದೆ.

ಹೆಸರು ನೋಡಿ ಮೋಸ ಹೋಗುವ ಕೆಲವು

‘ಇಂಪ್ರೆಗ್ನೇಟೆಡ್ ಕಾರ್ಬನ್’ (ರಾಸಾಯನಿಕ ತುಂಬಿದ ಕಾರ್ಬನ್) ಎಂದ ಮಾತ್ರಕ್ಕೆ ಫಾರ್ಮಾಲ್ಡಿಹೈಡ್‌ಗೆ ಎಂದಲ್ಲ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿದ್ದು ಆಮ್ಲೀಯ ಅನಿಲಗಳಿಗೆ. ಫಾಸ್ಫಾರಿಕ್ ಆಸಿಡ್ ಹಾಕಿದ್ದು ಅಮೋನಿಯಾಗೆ. ಹೆಪಾ ಫಿಲ್ಟರ್ ಎಷ್ಟೇ ಒಳ್ಳೆಯದಿದ್ದರೂ ದೂಳಿಗೆ ಮಾತ್ರ, ಅನಿಲ ಅದರೊಳಗೆ ಸಲೀಸಾಗಿ ಹಾದುಹೋಗುತ್ತದೆ. ಓಝೋನ್ ಬಿಡುವ ಯಂತ್ರಗಳ ಕಡೆ ತಿರುಗಿಯೂ ನೋಡಬೇಡಿ. ಬಣ್ಣ, ವಾರ್ನಿಷ್‌ಗಳ ಆವಿ ಜೊತೆ ಓಝೋನ್ ಸೇರಿದರೆ ಹೊಸದಾಗಿ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಗಿಡ ಇಡಿ ಎನ್ನುವ ಸಲಹೆ ನಾಸಾದ 1989ರ ಪ್ರಯೋಗದಿಂದ ಬಂದದ್ದು, ಅದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಮಾಡಿದ್ದು. ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ಸಾಮಾನ್ಯ ಕಟ್ಟಡದ ಗಾಳಿಯಾಟಕ್ಕೆ ಸಮ ಬರಲು ನೆಲದ ಒಂದೊಂದು ಚದರ ಮೀಟರ್‌ಗೆ ಹತ್ತರಿಂದ ಸಾವಿರ ಗಿಡ ಬೇಕು ಎಂದು ಬಂತು. ಗಿಡ ಚೆಂದಕ್ಕೆ ಇಡಿ.

ತೂಕ ಕೇಳಿ, ದಪ್ಪ ನೋಡಿ

ರಾಸಾಯನಿಕ ಸರಿಯಿದ್ದರೂ ಫಿಲ್ಟರ್‌ನ ಆಕಾರ ಎಲ್ಲ ಕೆಡಿಸಬಹುದು. ಬಟ್ಟೆಯಂಥ ಹಾಳೆಗೆ ಕಾರ್ಬನ್ ಪುಡಿ ಉದುರಿಸಿದ ಫಿಲ್ಟರ್‌ಗಳಲ್ಲಿ ಕಾರ್ಬನ್ ಇರುವುದೇ ಒಂದು ಹಿಡಿಯಷ್ಟು. ಅರ್ಧ ಸೆಂ.ಮೀ. ದಪ್ಪದ ಹಾಳೆಯಲ್ಲಿ ಗಾಳಿ ಸೆಕೆಂಡಿಗೆ ಕಾಲು ಮೀಟರ್ ವೇಗದಲ್ಲಿ ಹಾದರೆ ಒಳಗೆ ಇರುವುದು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಹೊತ್ತು. ಎರಡೂವರೆ ಸೆಂ.ಮೀ. ದಪ್ಪ ಗುಳಿಗೆಯ ಹಾಸು ಇದ್ದರೆ ಹತ್ತರಲ್ಲಿ ಒಂದು ಪಾಲು. ಆ ವ್ಯತ್ಯಾಸ ದೊಡ್ಡದು. ಆದರೆ ಹಾಸು ದಪ್ಪವಾದಷ್ಟೂ ಫ್ಯಾನ್ ಹೆಚ್ಚು ಹೆಣಗಬೇಕು, ಸದ್ದು ಹೆಚ್ಚು. ಮಲಗುವ ಕೋಣೆಯಲ್ಲಿ ಸದ್ದು ತಡೆಯಲಾಗದೆ ಆಫ್ ಮಾಡಿ ಮಲಗಿದರೆ ಎಂಥ ಫಿಲ್ಟರ್ ಇದ್ದೂ ಏನು ಬಂತು? ದೊಡ್ಡ ಯಂತ್ರ ತಂದು ಕಡಿಮೆ ವೇಗದಲ್ಲಿ ಓಡಿಸುವುದು ಸಣ್ಣದನ್ನು ಜೋರಾಗಿ ಓಡಿಸುವುದಕ್ಕಿಂತ ವಾಸಿ.

‘ಒಂದು ಕಿಲೋ ಫಿಲ್ಟರ್’ ಅಂದರೆ ಚೌಕಟ್ಟು, ಪ್ಲಾಸ್ಟಿಕ್ ಸೇರಿಸಿಯೋ, ಒಳಗಿನ ಗುಳಿಗೆ ಮಾತ್ರವೋ? ಅದನ್ನೂ ಕೇಳಿ.

ಯಾರಿಗೆ ಯಾವುದು

ದುಡ್ಡು ಕಡಿಮೆ ಇದ್ದು ಕಿಟಕಿ ತೆಗೆಯಲು ತೊಂದರೆ ಇಲ್ಲದವರು ಫಿಲ್ಟರ್‌ಗೆ ಖರ್ಚು ಮಾಡಲೇಬೇಡಿ. ಹಲಗೆಗಳ ಬರಿ ಅಂಚು, ಸ್ಕ್ರೂ ತೂತು, ಕಪಾಟಿನ ಹಿಂಭಾಗ ನೋಡಿ. ಮೇಲೆ ಲ್ಯಾಮಿನೇಟ್ ಇದ್ದರೂ ಅಂಚುಗಳು ತೆರೆದಿರುತ್ತವೆ, ಅನಿಲ ಹೆಚ್ಚು ಬರುವುದು ಅಲ್ಲಿಂದ. ಅಂಚುಪಟ್ಟಿ ಅಂಟಿಸಿ ಅಥವಾ ಸೀಲರ್ ಬಳಿಯಿರಿ. ಉಳಿದ ದುಡ್ಡಿಗೆ ಒಂದು ಎಕ್ಸಾಸ್ಟ್ ಫ್ಯಾನ್.

ರಾತ್ರಿ ಕಿಟಕಿ ಮುಚ್ಚಲೇಬೇಕು, ಕೋಣೆಯಲ್ಲಿ ಮಗು ಇದೆ, ಪೀಠೋಪಕರಣ ಎಲ್ಲ ಹೊಸದು ಎನ್ನುವವರಿಗೆ ನನ್ನ ಆಯ್ಕೆ ನೇರಳೆ ಗುಳಿಗೆ ಮತ್ತು ಕಾರ್ಬನ್ ಮಿಶ್ರಣ. ನೇರಳೆಯದ್ದೇ ಕನಿಷ್ಠ ಒಂದು ಕಿಲೋ ಇರಲಿ. ಮೊದಲ ವರ್ಷ ಮೂರು ನಾಲ್ಕು ಸಲ ಗುಳಿಗೆ ಬದಲಿಸುವ ಖರ್ಚು ಈಗಲೇ ಎಣಿಸಿಕೊಳ್ಳಿ. ಡಬ್ಬಿ ಬಿಚ್ಚಿ ಗುಳಿಗೆ ಮಾತ್ರ ತುಂಬಲು ಬರುವ ಯಂತ್ರವಾದರೆ ಈ ಖರ್ಚು ಬಹಳ ಇಳಿಯುತ್ತದೆ. ತೇವ ಹೆಚ್ಚಿರುವ ಜಾಗಕ್ಕೂ ಇದೇ ಸರಿ.

ಅಲರ್ಜಿ, ಅಸ್ತಮಾ ಇರುವವರ ಕೋಣೆಗೆ ಅಮೀನ್ ಬೇಡ. ಅಮೀನ್‌ಗೆ ಒಳ್ಳೆಯ ಜಾಗ ಬೇರೆ ಇದೆ: ಮುಚ್ಚಿದ ಕಪಾಟು, ಡ್ರಾಯರ್. ಅಲ್ಲಿ ಗಾಳಿ ಬದಲಾಗುವುದಿಲ್ಲ, ಅನಿಲ ಕೋಣೆಗಿಂತ ಎಷ್ಟೋ ದಟ್ಟವಾಗಿರುತ್ತದೆ, ಹಾಗಾಗಿ ಫ್ಯಾನ್ ಇಲ್ಲದ ಚೀಲವೂ ಕೆಲಸ ಮಾಡುತ್ತದೆ. ಬಟ್ಟೆಗೆ ಕಲೆ ಮಾಡುವ ನೇರಳೆ ಗುಳಿಗೆ ಅಲ್ಲಿಗೆ ಆಗದು. ವಾಸನೆ ಬಿಡದ ಉದ್ದ ಸರಪಳಿಯ ಅಮೀನ್ ಹಚ್ಚಿದ ಕಾರ್ಬನ್ ಚೀಲ ಆರಿಸಿ.

ಮೀಟರ್ 0.1ರ ಆಸುಪಾಸಿನಲ್ಲೇ ಇದೆ, ಇನ್ನೂ ನಾಲ್ಕೈದು ವರ್ಷ ಇದೇ ಮನೆ, ಪದೇ ಪದೇ ಫಿಲ್ಟರ್ ಬದಲಿಸುವ ಗೋಜು ಬೇಡ ಎನ್ನುವವರು ಮ್ಯಾಂಗನೀಸ್ ಕ್ಯಾಟಲಿಸ್ಟ್ ನೋಡಬಹುದು. ಮೊದಲ ಖರ್ಚು ಹೆಚ್ಚು. ಮೀಟರ್ ಬೆಲೆಯನ್ನೂ ಅದಕ್ಕೇ ಸೇರಿಸಿ. ಒಂದೆರಡು ತಿಂಗಳು ಮಾತ್ರ ಇರುವ ಬಾಡಿಗೆ ಕೋಣೆಗೆ ಅಗ್ಗದ ಅಮೀನ್ ಫಿಲ್ಟರ್ ಸಾಕು, ವಾಸನೆ ಬರದಿದ್ದರೆ.

ಮೀಟರ್ ಬಗ್ಗೆ ಎರಡು ಮಾತು

ಮೂಗನ್ನು ನಂಬಬೇಡಿ, ಅದು ಅರ್ಧ ಗಂಟೆಯಲ್ಲಿ ಒಗ್ಗಿಕೊಳ್ಳುತ್ತದೆ. ಅಗ್ಗದ ಮೀಟರ್‌ಗಳನ್ನೂ ಅರೆಬರೆಯೇ ನಂಬಿ. ಅವುಗಳ ಸೆನ್ಸರ್‌ಗೆ ಆಲ್ಕೋಹಾಲ್, ಪರ್ಫ್ಯೂಮ್ ಕೂಡ ಫಾರ್ಮಾಲ್ಡಿಹೈಡ್ ಥರವೇ ಕಾಣುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮೀಟರ್ ಹಿಡಿದರೆ ಅಂಕಿ ಆಕಾಶಕ್ಕೆ ಹಾರುತ್ತದೆ. ಕೆಲವು ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ) ತೋರಿಸುತ್ತವೆ, ಕೆಲವು ಘನ ಮೀಟರ್‌ಗೆ ಮಿ.ಗ್ರಾಂ, ಒಂದು ಪಿಪಿಎಂ ಅಂದರೆ ಘನ ಮೀಟರ್‌ಗೆ ಸುಮಾರು 1.23 ಮಿ.ಗ್ರಾಂ. 0.1 ಮಿ.ಗ್ರಾಂ ಮಿತಿ 0.08 ಪಿಪಿಎಂಗೆ ಸಮ. ಖಚಿತ ಅಂಕಿ ಬೇಕಿದ್ದರೆ ಡಿಎನ್‌ಪಿಎಚ್ ಎಂಬ ರಾಸಾಯನಿಕ ತುಂಬಿದ ನಳಿಗೆಯಲ್ಲಿ ಗಾಳಿ ಹಿಡಿದು ಲ್ಯಾಬ್‌ಗೆ ಕೊಡಬೇಕು. ಒಂದು ಸಲ ಹಾಗೆ ಮಾಡಿಸಿ, ಅದೇ ಹೊತ್ತಿನಲ್ಲಿ ನಿಮ್ಮ ಅಗ್ಗದ ಮೀಟರ್ ಎಷ್ಟು ತೋರಿಸುತ್ತಿತ್ತು ಎಂದು ಬರೆದಿಟ್ಟುಕೊಂಡರೆ ಮುಂದೆ ಅದನ್ನೇ ಬಳಸಬಹುದು.

ಪರೀಕ್ಷೆ ಮಾಡುವ ಬಗೆ ಹೀಗೆ. ಮೊದಲ ರಾತ್ರಿ ಬಾಗಿಲು ಕಿಟಕಿ ಮುಚ್ಚಿ, ಪ್ಯೂರಿಫೈಯರ್ ಆಫ್ ಇಟ್ಟು, ಬೆಳಿಗ್ಗೆ ಅಂಕಿ ಬರೆದುಕೊಳ್ಳಿ, ಜೊತೆಗೆ ಕೋಣೆಯ ಶಾಖ ಮತ್ತು ತೇವ ಕೂಡ. ಮಾರನೆಯ ರಾತ್ರಿ ಹಾಗೇ ಮುಚ್ಚಿ, ಪ್ಯೂರಿಫೈಯರ್ ಓಡಿಸಿ. ಎರಡು ಬೆಳಗಿನ ಶಾಖ ಮತ್ತು ತೇವ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರ ಹೋಲಿಸಿ, ಇಲ್ಲದಿದ್ದರೆ ಇನ್ನೊಂದು ರಾತ್ರಿ ಕಾಯಿರಿ. ಅಂಕಿ ಅರ್ಧಕ್ಕಾದರೂ ಇಳಿಯದಿದ್ದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆಯೇ ಆ ಯಂತ್ರ ಹಿಂದಿರುಗಿಸಿ. ಇಳಿದರೆ ತಿಂಗಳಿಗೊಮ್ಮೆ ಇದೇ ಜೋಡಿ ರಾತ್ರಿಯ ಪರೀಕ್ಷೆ ಮಾಡಿ. ಎರಡು ಅಂಕಿಗಳ ನಡುವಿನ ಅಂತರ ಕಿರಿದಾಗುತ್ತಾ ಬಂದಾಗ ಹೊಸ ಗುಳಿಗೆಗೆ ಹೇಳಿ ಕಳಿಸಿ.